ಗೋಡೆ ತೆಳುವಾದರೆ ಕೋಣೆ ಎಷ್ಟು ದೊಡ್ಡದಾಗುತ್ತದೆ?

ಗುಡಿಬಂಡೆ (ಮಡಕಶಿರಾ): ಮಗನ ಮದುವೆ ಗೊತ್ತಾದ ಮನೆಯಲ್ಲಿ ಛತ್ರ, ಬಟ್ಟೆಬರೆಯ ಮಾತಿಗಿಂತ ಮೊದಲು ಏಳುವ ಮಾತು ಒಂದೇ: 'ಇನ್ನೊಂದು ರೂಮು ಹಾಕಬೇಕು.' ಹಿತ್ತಲಲ್ಲೋ, ದನದ ಕೊಟ್ಟಿಗೆ ಇದ್ದ ಜಾಗದಲ್ಲೋ ಹತ್ತು ಹನ್ನೆರಡು ಅಡಿ ಅಗಲ ಉಳಿದಿರುತ್ತದೆ. ಆಚೆಗೆ ಪಕ್ಕದ ಮನೆಯವರ ಗೋಡೆ, ಇಲ್ಲವೇ ಪಂಚಾಯತಿ ರಸ್ತೆ. ಜಾಗ ಹಿಗ್ಗುವುದಿಲ್ಲ. ಆಗ ಎಲ್ಲರ ಕಣ್ಣು ಗೋಡೆಯ ಮೇಲೆ ಬೀಳುತ್ತದೆ. ನಮ್ಮ ತಾತನ ಕಾಲದ ಗೋಡೆ ಒಂದೂವರೆ ಅಡಿ, ಎರಡಡಿ ದಪ್ಪ. ಈಗ ಒಂಬತ್ತು ಇಂಚು ಸಾಕು ಅನ್ನುತ್ತಾರೆ ಮೇಸ್ತ್ರಿ. 'ಇನ್ನೂ ಜಾಗ ಬೇಕಾ, ನಾಲ್ಕೂವರೆ ಇಂಚಿಗೇ ಎಬ್ಬಿಸೋಣ ಬಿಡಿ' ಅನ್ನುವವರೂ ಇದ್ದಾರೆ.

ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರದ ಕಡೆ ಇರಲಿ, ಅತ್ತ ರಾಯದುರ್ಗದ ಹಳ್ಳಿಗಳಿರಲಿ, ಮನೆಗೆ ಕೋಣೆ ಸೇರಿಸುವವರೆಲ್ಲ ಈ ಪ್ರಶ್ನೆಯನ್ನು ದಾಟಿಯೇ ಹೋಗಬೇಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆದರೆ ಬಿಸಿಲಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ರಾಜ್ಯದ ಗಡಿಯೂ ಗೊತ್ತಿಲ್ಲ. ಶಿರಾ, ಪಾವಗಡದ ಬಂಧುಗಳಿಗೂ ಇದೇ ಲೆಕ್ಕ ಸಲ್ಲುತ್ತದೆ.

ಹೊರಗೋಡೆಯನ್ನು ಎಷ್ಟು ತೆಳು ಮಾಡಬಹುದು? ಮಾಡಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ? ಒಂದೊಂದಾಗಿ ನೋಡೋಣ.

ಹಳೆಯ ಗೋಡೆ ಅಷ್ಟು ದಪ್ಪಗಿದ್ದುದೇಕೆ?

ಹಳಬರಿಗೆ ಜಾಗದ ಬೆಲೆ ಗೊತ್ತಿರಲಿಲ್ಲ ಎಂದಲ್ಲ. ಅವರ ಕೈಯಲ್ಲಿದ್ದ ಸಾಮಾನು ಮಣ್ಣು ಮತ್ತು ಕಾಡುಗಲ್ಲು. ಕೆಸರು ಮಣ್ಣಿನಲ್ಲಿ ಕಲ್ಲು ಕೂರಿಸಿದ ಗೋಡೆ ತೆಳ್ಳಗಿದ್ದರೆ ನಿಲ್ಲುವುದಿಲ್ಲ. ಅದರ ಮೇಲೆ ತೊಲೆ, ಜಂತೆ, ಆಮೇಲೆ ಚೌಳು ಮಣ್ಣಿನ ಮಾಳಿಗೆ. ತೆಲುಗಿನಲ್ಲಿ ನಾವು ಮಿದ್ದೆ ಅನ್ನುತ್ತೇವಲ್ಲ, ಅದೇ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದಾಗ ಭಾರ ಇನ್ನೂ ಏರುತ್ತದೆ. ಅನುಕೂಲವಿದ್ದವರು ಅಂಕಣಕ್ಕೊಂದು ಕಂಬ ನಿಲ್ಲಿಸಿ ಭಾರದ ಒಂದು ಪಾಲನ್ನು ಕಂಬಕ್ಕೆ ವಹಿಸುತ್ತಿದ್ದರು. ಉಳಿದವರಿಗೆ ಗೋಡೆಯೇ ಎಲ್ಲ.

ಹೀಗೆ ಹಳೆಯ ಗೋಡೆ ಒಟ್ಟಿಗೇ ನಾಲ್ಕು ಕೆಲಸ ಮಾಡುತ್ತಿತ್ತು. ಮಾಳಿಗೆ ಹೊರುವುದು, ಗಾಳಿಗೆ ಬೀಳದೆ ನಿಲ್ಲುವುದು, ಬಿಸಿಲು ತಡೆಯುವುದು, ಮಳೆ ನೀರನ್ನು ಒಳಗೆ ಬಿಡದಿರುವುದು. ಈ ನಾಲ್ಕಕ್ಕೂ ದಪ್ಪವೊಂದೇ ಉತ್ತರವಾಗಿತ್ತು. ಈಗ ದಪ್ಪ ಕಡಿಮೆ ಮಾಡುವವರು ನಾಲ್ಕು ಕೆಲಸವನ್ನೂ ಬೇರೆ ಯಾರಿಗೆ ವಹಿಸುತ್ತೇವೆ ಎಂದು ಮೊದಲೇ ಹೇಳಬೇಕು. ಅದನ್ನು ಹೇಳದೆ ಬರೀ ಗೋಡೆ ತೆಳು ಮಾಡುವುದೇ ಅಪಾಯದ ಮೂಲ.

ಮೊದಲು ಜಾಗದ ಲೆಕ್ಕ

ಹಳೆಯ ಮನೆಯ ಪಡುವಣ ಗೋಡೆಗೆ ಹೊಂದಿಕೊಂಡು 12 ಅಡಿ ಅಗಲ, 15 ಅಡಿ ಉದ್ದದ ಜಾಗ ಇದೆ ಎಂದುಕೊಳ್ಳಿ. ಒಂದು ಕಡೆ ಹಳೆಯ ಗೋಡೆ ಇದ್ದೇ ಇದೆ. ಮೂರು ಕಡೆ ಹೊಸ ಗೋಡೆ ಬೇಕು. ಹೊರಗಿನ ಅಳತೆ 180 ಚದರ ಅಡಿ. ಪ್ಲಾಸ್ಟರಿಂಗ್ ಬಿಟ್ಟು ಒಳಗೆ ಸಿಗುವುದು ಇಷ್ಟು:

18 ಇಂಚಿನ ಗೋಡೆಯಾದರೆ 126 ಚದರ ಅಡಿ.
9 ಇಂಚಿನ ಗೋಡೆಯಾದರೆ ಸುಮಾರು 152 ಚದರ ಅಡಿ.
6 ಇಂಚಿನ ಗೋಡೆಯಾದರೆ 161 ಚದರ ಅಡಿ.
4½ ಇಂಚಿನ ಗೋಡೆಯಾದರೆ ಸುಮಾರು 166 ಚದರ ಅಡಿ.

ಈ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿ. ಹದಿನೆಂಟು ಇಂಚಿನಿಂದ ಒಂಬತ್ತಕ್ಕೆ ಬಂದರೆ 26 ಚದರ ಅಡಿ ಲಾಭ. ಅಂದರೆ ಒಂದು ಡಬಲ್ ಕಾಟ್ ಹಾಕುವಷ್ಟು ಜಾಗ. ಒಂಬತ್ತರಿಂದ ಆರಕ್ಕೆ ಇಳಿದರೆ ಬರುವುದು ಬರೀ 9 ಚದರ ಅಡಿ. ನಾಲ್ಕೂವರೆಗೇ ಇಳಿದರೂ 14 ಚದರ ಅಡಿ. ದೊಡ್ಡ ಲಾಭವೆಲ್ಲ ಮೊದಲ ಹೆಜ್ಜೆಯಲ್ಲೇ ಇದೆ. ಆಮೇಲಿನ ಹೆಜ್ಜೆಗಳಲ್ಲಿ ಲಾಭ ಸಣ್ಣದು, ನಷ್ಟ ದೊಡ್ಡದು.

ನಿವೇಶನ ಚಿಕ್ಕದಾದಷ್ಟೂ ಆಸೆ ಹೆಚ್ಚುತ್ತದೆ ಎನ್ನುವುದು ನಿಜ. 2020ರ ಡಿಸೆಂಬರ್‌ನಿಂದ ಆಂಧ್ರ ಸರ್ಕಾರ ಹಳ್ಳಿಗಳಲ್ಲಿ ಹಂಚಿದ ನಿವೇಶನ ಒಂದೂವರೆ ಸೆಂಟ್, ಅಂದರೆ 650 ಚದರ ಅಡಿಯ ಆಸುಪಾಸು. ಅಂಥ ಜಾಗದಲ್ಲಿ ಪ್ರತಿ ಇಂಚಿಗೂ ಬೆಲೆ ಇದೆ. ಆದರೂ 14 ಚದರ ಅಡಿಗೆ ಏನು ತೆರಬೇಕಾಗುತ್ತದೆ ಎಂದು ತಿಳಿದೇ ತೀರ್ಮಾನಿಸುವುದು ಒಳ್ಳೆಯದು.

ಭಾರ ಹೊರುವವರು ಯಾರು?

ಆ 12 ಅಡಿಗೆ 15 ಅಡಿ ಕೋಣೆಯ ಮೇಲೆ 5 ಇಂಚಿನ ಆರ್‌ಸಿಸಿ ಹಾಕಿದರೆ ಆ ಸ್ಲ್ಯಾಬ್ ಒಂದರ ತೂಕವೇ 5 ಟನ್ನಿಗೂ ಹೆಚ್ಚು. ಅದರ ಮೇಲೆ ನೀರಿನ ಟ್ಯಾಂಕು, ಕಡಲೆಕಾಯಿ ಒಣಗಿಸಲು ಹತ್ತುವ ಜನ, ನಾಳೆ ಮೇಲೊಂದು ಮಹಡಿಯ ಆಸೆ. ಪಿಲ್ಲರ್ ಇಲ್ಲದ ಮನೆಯಲ್ಲಿ ಇಷ್ಟನ್ನೂ ಗೋಡೆಯೇ ಹೊರಬೇಕು. ಅಂಥ ಕಡೆ 9 ಇಂಚಿಗಿಂತ ಕೆಳಗಿಳಿಯುವ ಮಾತೇ ಬೇಡ. ಕಲ್ಲು ಚಪ್ಪಡಿ ಹೊದಿಸುವುದಾದರೂ ಅಷ್ಟೇ. 4½ ಇಂಚಿನ ಗೋಡೆಯ ಮೇಲೆ ಚಪ್ಪಡಿಯ ತುದಿಗೆ ಕೂರಲು ಜಾಗವೇ ಸಾಲದು.

'ನಾವು ಹಾಕುವುದು ಶೀಟು, ಭಾರವೇ ಇಲ್ಲ' ಎನ್ನುವವರು ಬಹಳ. ಇಲ್ಲಿ ಗೋಡೆಯನ್ನು ಬೀಳಿಸುವುದು ಭಾರವಲ್ಲ, ಗಾಳಿ. ಗೋಡೆಯ ಎತ್ತರವನ್ನು ಅದರ ದಪ್ಪದಿಂದ ಭಾಗಿಸಿ ನೋಡುವ ಒಂದು ನಿಯಮ ಭಾರತೀಯ ಮಾನಕ ಐಎಸ್ 1905ರಲ್ಲಿದೆ. ಎರಡು ಅಂತಸ್ತು ಮೀರದ ಮನೆಯಲ್ಲಿ ಸಿಮೆಂಟ್ ಗಾರೆಯ ಭಾರ ಹೊರುವ ಗೋಡೆಗೆ ಆ ಸಂಖ್ಯೆ 27 ದಾಟಬಾರದು. ಮೇಲ್ತುದಿಯನ್ನು ಏನೂ ಬಿಗಿಯಾಗಿ ಹಿಡಿದಿರದ ಗೋಡೆಯಾದರೆ ಎತ್ತರವನ್ನು ಒಂದೂವರೆ ಪಟ್ಟು ಎಣಿಸಬೇಕು. ಸ್ಲ್ಯಾಬ್ ಗೋಡೆಯ ತಲೆಯನ್ನು ಅದುಮಿ ಹಿಡಿಯುತ್ತದೆ. ಶೀಟ್ ಹಿಡಿಯುವುದಿಲ್ಲ. ಹೀಗಾಗಿ 10 ಅಡಿ ಎತ್ತರದ ಗೋಡೆಯನ್ನು 15 ಅಡಿ ಎಂದೇ ಎಣಿಸಿ. 9 ಇಂಚಿಗೆ 20 ಬರುತ್ತದೆ, ಸರಿ. 6 ಇಂಚಿಗೆ 30, ಮೀರಿತು. 4½ ಇಂಚಿಗೆ 40, ದೂರವೇ ಉಳಿಯಿತು. ಮುಂಗಾರಿಗೆ ಮುಂಚೆ ಬೀಸುವ ಬಿರುಗಾಳಿಯಲ್ಲಿ ಶೀಟು ಹಾರುವುದನ್ನು ನಾವೆಲ್ಲ ನೋಡಿದ್ದೇವೆ. ಶೀಟು ಏಳುವಾಗ ತೆಳು ಗೋಡೆಯನ್ನೂ ಎಳೆದುಕೊಂಡೇ ಏಳುತ್ತದೆ.

ದಾರಿ ಇಲ್ಲವೆಂದಲ್ಲ. ಹಳೆಯ ಅಂಕಣದ ಮನೆಯ ಬುದ್ಧಿಯನ್ನೇ ಬಳಸಬಹುದು. ಪಿಲ್ಲರ್, ಬೀಮ್ ಹಾಕಿ ಭಾರವನ್ನು ಅವಕ್ಕೆ ವಹಿಸಿದರೆ ನಡುವಿನ ಗೋಡೆ ಬರೀ ಮರೆ. ಆಗ 6 ಇಂಚಿನ ಸಾಲಿಡ್ ಬ್ಲಾಕ್ ಸಾಕು. ಆದರೆ ಪಿಲ್ಲರ್ ಸಾಮಾನ್ಯವಾಗಿ 9 ಇಂಚಿಗೆ ಕಡಿಮೆ ಇರುವುದಿಲ್ಲ. ಮೂಲೆ ಮೂಲೆಯಲ್ಲಿ ಅದು ಮೂರು ಇಂಚು ಒಳಗೆ ಚಾಚಿಕೊಂಡು ಬೀರು, ಮಂಚಕ್ಕೆ ಅಡ್ಡ ಬರುತ್ತದೆ. 9 ಚದರ ಅಡಿಯ ಲಾಭದಲ್ಲಿ ಇದನ್ನೂ ಕಳೆಯಿರಿ. ಕಂಬಿ, ಸಿಮೆಂಟಿನ ಖರ್ಚು ಬೇರೆ.

ಬಿಸಿಲು ಎಷ್ಟು ಹೊತ್ತಿಗೆ ಒಳಗೆ ಬರುತ್ತದೆ?

ನಮ್ಮದು ದೇಶದ ಅತಿ ಕಡಿಮೆ ಮಳೆಯ ಸೀಮೆಗಳಲ್ಲೊಂದು. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇಲ್ಲಿ ಗೋಡೆಯ ದಪ್ಪ ಎಂದರೆ ನೆರಳೇ.

ಹೊರಗಿನ ಬಿಸಿ ಗೋಡೆ ದಾಟಿ ಒಳಗೆ ಬರಲು ಹೊತ್ತು ಹಿಡಿಯುತ್ತದೆ. 4½ ಇಂಚಿನ ಸುಟ್ಟ ಇಟ್ಟಿಗೆ ಗೋಡೆಯಾದರೆ ಸುಮಾರು ಮೂರು ಗಂಟೆ. 9 ಇಂಚಾದರೆ ಆರೇಳು ಗಂಟೆ. ಒಂದೂವರೆ ಅಡಿ ಮಣ್ಣಿನ ಗೋಡೆಯಾದರೆ ಅರ್ಧ ದಿನವೇ ಬೇಕು. ಪಡುವಣ ಗೋಡೆಗೆ ಬಿಸಿಲು ಜೋರಾಗಿ ಹೊಡೆಯುವುದು ಮೂರರಿಂದ ಐದು ಗಂಟೆಯವರೆಗೆ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಆ ಬಿಸಿ ಸಂಜೆ ಏಳಕ್ಕೇ ಒಳಗೆ ಬರುತ್ತದೆ. ಊಟಕ್ಕೆ ಕೂರುವಾಗ ಗೋಡೆ ಮುಟ್ಟಿದರೆ ಕಾದ ಹೆಂಚು. ಮಗುವನ್ನು ಮಲಗಿಸಲೂ ಆಗದು. ಒಂಬತ್ತು ಇಂಚಿನಲ್ಲಿ ಬಿಸಿ ತಡವಾಗಿ ಬರುತ್ತದೆ, ಬರುವಾಗ ಬಹಳ ಇಳಿದೂ ಇರುತ್ತದೆ. ಆ ಹೊತ್ತಿಗೆ ಹೊರಗೆ ತಂಗಾಳಿ, ಕಿಟಕಿ ತೆರೆದರೆ ಮುಗಿಯಿತು. ಮಣ್ಣಿನ ಗೋಡೆಯಲ್ಲಿ ಬಿಸಿ ಒಳಗೆ ತಲುಪುವ ಮೊದಲೇ ರಾತ್ರಿ ಕಳೆದಿರುತ್ತದೆ. ಅಜ್ಜಿ ಹೊಸ ರೂಮು ಬಿಟ್ಟು ಹಳೆಯ ಮನೆಯಲ್ಲೇ ಮಲಗುವುದಕ್ಕೆ ಹಟವೊಂದೇ ಕಾರಣವಲ್ಲ.

ಸಾಲಿಡ್ ಬ್ಲಾಕಿನ ವಿಷಯ ಇನ್ನೊಂದು. ಸಿಮೆಂಟ್ ಕಾಂಕ್ರೀಟಿನಲ್ಲಿ ಬಿಸಿ ಇಟ್ಟಿಗೆಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಸಲೀಸಾಗಿ ಹರಿಯುತ್ತದೆ. 6 ಇಂಚಿನ ಬ್ಲಾಕ್ ಗಟ್ಟಿ ಇರಬಹುದು, ತಣ್ಣಗಿರುವುದಿಲ್ಲ. ಉತ್ತರ, ಮೂಡಣ ದಿಕ್ಕಿಗೆ ಹಾಕಿದರೆ ತಡೆಯಬಹುದು. ಪಡುವಣಕ್ಕೆ ಹಾಕುವುದಾದರೆ ಹೊರಗೆ ಚಪ್ಪರವೋ, ಹೊಂಗೆ ಮರವೋ, ಒಂದು ಪಡಸಾಲೆಯೋ ಬೇಕೇ ಬೇಕು. ಗೋಡೆಗೆ ಬಿಳಿ ಸುಣ್ಣವಾದರೂ ಇರಲಿ.

ಮಳೆ ನೀರು

ಕಡಿಮೆ ಮಳೆ ಎಂದು ಗೋಡೆ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆಯಲ್ಲಿ. ಬಂದರೆ ಗಾಳಿಯ ಜತೆ ಅಡ್ಡಡ್ಡ ಬರುತ್ತದೆ. ನಾಲ್ಕೂವರೆ ಇಂಚಿನ ಗೋಡೆ ಎಂದರೆ ಒಂದೇ ಇಟ್ಟಿಗೆಯ ಅಗಲ. ಎರಡು ಇಟ್ಟಿಗೆ ನಡುವಿನ ಗಾರೆಯ ಸಂದು ಹೊರಗಿನಿಂದ ಒಳಕ್ಕೆ ನೇರ ದಾರಿ. ಪ್ಲಾಸ್ಟರಿಂಗ್‌ನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಒಳಗೋಡೆ ಬೆವರುತ್ತದೆ. ಒಂಬತ್ತು ಇಂಚಿನಲ್ಲಿ ಇಟ್ಟಿಗೆ ಹೆಣೆದು ಕಟ್ಟುವುದರಿಂದ ಹೆಚ್ಚಿನ ಸಂದುಗಳು ನೇರವಾಗಿ ಒಳಗೆ ತಲುಪುವುದಿಲ್ಲ. ಗೋಡೆ ಎಷ್ಟೇ ದಪ್ಪವಿರಲಿ, ಸೂರು ಒಂದೂವರೆ ಅಡಿಯಾದರೂ ಮುಂದಕ್ಕೆ ಚಾಚಲಿ. ಕಿಟಕಿಯ ಮೇಲೆ ಸಜ್ಜಾ ಇರಲಿ.

ಹಾಗಾದರೆ ನಡುವಿನ ದಾರಿ?

ಒಂದು ದಾರಿ ನಮ್ಮ ಪಕ್ಕದಲ್ಲೇ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಪ್ರಯೋಗದ ನೆಲೆಯಾಯಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಅಲ್ಲಿ ಮಣ್ಣಿನ ಒತ್ತು ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದರು. ಕೆಂಪು ಮಣ್ಣಿಗೆ ಮರಳು, ಶೇ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಎಳೆಯುವ 'ಮರ್ದಿನಿ' ಯಂತ್ರದಲ್ಲಿ ಒತ್ತಿ, ಸುಡದೆ, ಮೂರು ವಾರ ನೀರು ಹಾಕಿ ಹದ ಮಾಡಿದರೆ ಇಟ್ಟಿಗೆ ಸಿದ್ಧ. 230 ಮಿ.ಮೀ. ಉದ್ದ, 190 ಮಿ.ಮೀ. ಅಗಲದ್ದು ಅದರ ಒಂದು ಅಳತೆ. ಅಂದರೆ ಏಳೂವರೆ ಇಂಚಿನ ಗೋಡೆ. ಒಂದು ಅಂತಸ್ತಿನ ಸ್ಲ್ಯಾಬ್ ಹೊರುವಂಥ ಗೋಡೆ, ಅದೇ ಮಣ್ಣು. ತಾತ ಎರಡಡಿ ದಪ್ಪದಲ್ಲಿ ಮಾಡಿದ್ದನ್ನು ಒತ್ತಡ ಮತ್ತು ಒಂದು ಹಿಡಿ ಸಿಮೆಂಟ್ ಮುಕ್ಕಾಲಡಿಯೊಳಗೆ ಮಾಡಿಸಿತು. ಮಣ್ಣು ಹೊಂದುತ್ತದೆಯೇ ಎಂದು ಪರೀಕ್ಷಿಸಿಯೇ ಒತ್ತಿಸಬೇಕು. ಜೇಡಿ ಹೆಚ್ಚಿದ್ದರೆ, ಎರೆ ಮಣ್ಣಾದರೆ ಬಿರಿಯುತ್ತದೆ.

ಎರಡನೆಯದು ಹಗುರ ಬ್ಲಾಕ್. ಎಎಸಿ ಎನ್ನುತ್ತಾರೆ, ಬಿಳಿ ಬಣ್ಣ, ಒಳಗೆಲ್ಲ ಗಾಳಿಯ ಸಣ್ಣ ಗುಳ್ಳೆ. 6 ಇಂಚಿನ ಎಎಸಿ 9 ಇಂಚಿನ ಇಟ್ಟಿಗೆಗಿಂತ ಸುಮಾರು ಮೂರು ಪಟ್ಟು ಬಿಸಿ ತಡೆಯುತ್ತದೆ. ಗೋಡೆ ತೆಳುವಾಗಬೇಕು, ಕೋಣೆ ತಣ್ಣಗಿರಬೇಕು ಎನ್ನುವವರಿಗೆ ಇದೇ ಸರಿ. ಆದರೆ ಇದು ಪಿಲ್ಲರ್ ಮನೆಗೆ ಮಾತ್ರ. ಭಾರ ಹೊರಿಸಬೇಡಿ. ನೀರು ಹೀರುತ್ತದೆ, ಹೊರಗೆ ಒಳ್ಳೆಯ ಪ್ಲಾಸ್ಟರಿಂಗ್ ಬೇಕು. ಸಾದಾ ಮೊಳೆ ಹಿಡಿಯುವುದಿಲ್ಲ.

ಮೂರನೆಯದು ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದು ಹೆಸರು ಮಾಡಿದ ರ‍್ಯಾಟ್ ಟ್ರ್ಯಾಪ್ ಕಟ್ಟು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವುದು. ಗೋಡೆ 9 ಇಂಚೇ ಇರುತ್ತದೆ, ಜಾಗ ಉಳಿಯುವುದಿಲ್ಲ. ಆದರೆ ಇಟ್ಟಿಗೆ ಕಾಲುಭಾಗ ಉಳಿಯುತ್ತದೆ, ಟೊಳ್ಳಿನ ಗಾಳಿ ಬಿಸಿ ತಡೆಯುತ್ತದೆ. ಖರ್ಚು ಉಳಿಸಲೆಂದು ನಾಲ್ಕೂವರೆ ಇಂಚಿಗೆ ಇಳಿಯುವವರು ಇದನ್ನೊಮ್ಮೆ ಯೋಚಿಸಬೇಕು. ಅಳತೆ ಸಮವಾಗಿರುವ ಇಟ್ಟಿಗೆ, ಈ ಕೆಲಸ ಗೊತ್ತಿರುವ ಬೇಲ್ದಾರರು ಸಿಗಬೇಕು.

ನಾಲ್ಕೂವರೆ ಇಂಚಿಗೆ ಒಳಗಿನ ಅಡ್ಡಗೋಡೆಯೇ ಸರಿಯಾದ ಜಾಗ. ಅಲ್ಲೂ ಗಾರೆ ಒಂದಕ್ಕೆ ನಾಲ್ಕು ಇರಲಿ. ಮೂರು ವರಸೆಗೊಮ್ಮೆ ಎರಡು ತೆಳು ಕಂಬಿ ಮಲಗಿಸಿ. ಎಂಟು ಹತ್ತು ಅಡಿಗೊಂದು ಆಸರೆ ಕೊಡಿ. ಕರೆಂಟಿನ ಪೈಪಿಗೆಂದು ಅಡ್ಡಕ್ಕೆ ಉದ್ದನೆಯ ಗಾಡಿ ಹೊಡೆಸಬೇಡಿ.

ಹಳೆಯ ಗೋಡೆಯನ್ನು ಕೆತ್ತಬೇಡಿ

ಎಲ್ಲಕ್ಕಿಂತ ಅಪಾಯದ ಕೆಲಸ ಇದು. ಹೊಸ ಗೋಡೆಯಲ್ಲಿ ಜಾಗ ಸಾಲದೆಂದು ನಡುವೆ ಸಿಕ್ಕ ಎರಡಡಿಯ ಹಳೆಯ ಗೋಡೆಯನ್ನು ಒಂದು ಮಗ್ಗುಲಿನಿಂದ ಕೆತ್ತಿ ಅರ್ಧ ಮಾಡುವುದು, ಇಲ್ಲವೇ ಬೀರು ಕೂರಿಸಲು ಆಳದ ಗೂಡು ತೆಗೆಯುವುದು. ಹಳೆಯ ಕಲ್ಲಿನ ಗೋಡೆ ಒಂದೇ ಗಟ್ಟಿ ದಿಂಡಲ್ಲ. ಒಳಗೊಂದು ಮುಖ, ಹೊರಗೊಂದು ಮುಖ, ನಡುವೆ ಮಣ್ಣು ಮತ್ತು ಚೂರುಕಲ್ಲು. ಅಲ್ಲಲ್ಲಿ ಎರಡೂ ಮುಖವನ್ನು ಕಟ್ಟಿ ಹಿಡಿಯುವ ಉದ್ದನೆಯ ಕಲ್ಲು. ಒಂದು ಮುಖ ತೆಗೆದರೆ ಉಳಿದದ್ದು ಅರ್ಧ ಗೋಡೆಯಲ್ಲ, ಆಸರೆ ಕಳೆದುಕೊಂಡ ಕಲ್ಲಿನ ಸಾಲು. ಬೇಸಿಗೆಯಲ್ಲಿ ನಿಂತಿರುತ್ತದೆ. ಚಿತ್ತೆ ಮಳೆಯಲ್ಲಿ ಮಣ್ಣು ನೆನೆದಾಗ ಕೂರುತ್ತದೆ, ಹೆಚ್ಚಾಗಿ ರಾತ್ರಿ ಹೊತ್ತು.

2021ರ ನವೆಂಬರಿನ ಭಾರಿ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ಕದಿರಿ ಪಟ್ಟಣದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಪಕ್ಕದ ಮನೆಯ ಮೇಲೆ ಬಿದ್ದಿತು, ಜನ ಸತ್ತರು. ಒಬ್ಬರ ಕಟ್ಟಡ ಬಿದ್ದರೆ ಸಾಯುವವರು ಅದನ್ನು ಕಟ್ಟಿಸಿದವರೇ ಆಗಬೇಕೆಂದಿಲ್ಲ.

ಹಳತು, ಹೊಸತು ಸೇರುವ ಕಡೆ

ಹಳೆಯ ಗೋಡೆ ಐವತ್ತು ವರ್ಷದಲ್ಲಿ ಕೂರುವಷ್ಟು ಕೂತಾಗಿದೆ. ಹೊಸ ಗೋಡೆ ಇನ್ನು ಕೂರಬೇಕು. ಎರಡನ್ನೂ ಹಲ್ಲು ಬಿಟ್ಟು ಬೆಸೆದರೆ ಮೊದಲ ವರ್ಷವೇ ಮೇಲಿಂದ ಕೆಳಗೆ ಬಿರುಕು. ಅದರ ಬದಲು ನಡುವೆ ಅರ್ಧ ಇಂಚಿನಿಂದ ಒಂದು ಇಂಚು ಸಂದು ಬಿಟ್ಟು, ಮೆತ್ತನೆಯ ಹಾಳೆ ತುಂಬಿಸಿ, ಮೇಲೆ ನೀರಿಳಿಯದಂತೆ ತಗಡು ಮುಚ್ಚಿಸಿ. ಹೊಸ ಸ್ಲ್ಯಾಬಿನ ಒಂದು ತುದಿಯನ್ನು ಹಳೆಯ ಮಣ್ಣಿನ ಗೋಡೆಯ ಮೇಲೆ ಕೂರಿಸಲೇಬೇಡಿ. ಆ ಕಡೆಗೂ ಹೊಸ ಪಿಲ್ಲರ್ ಅಥವಾ ಗೋಡೆ ಬೇಕು. ಹಾಗೆ ಮಾಡಿದರೆ ಜಾಗ ಇನ್ನೂ ಸ್ವಲ್ಪ ಹೋಗುತ್ತದೆ ನಿಜ. ಮೇಲಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಪಾಯ ತೋಡುವಾಗ ಹಳೆಯ ಪಾಯಕ್ಕಿಂತ ಆಳಕ್ಕೆ, ಅದರ ಮಗ್ಗುಲಲ್ಲೇ, ಉದ್ದಕ್ಕೂ ಒಂದೇ ಸಲ ಅಗೆಯಬೇಡಿ. ನಾಲ್ಕೈದು ಅಡಿ ಅಗೆದು, ಕಟ್ಟಿ, ಆಮೇಲೆ ಮುಂದಕ್ಕೆ ಹೋಗಿ. ಹಳೆಯ ಮಣ್ಣಿನ ಗೋಡೆಗೆ ಚೆಂದಕ್ಕೆಂದು ಸಿಮೆಂಟ್ ಬಳಿಯುವುದೂ ಬೇಡ. ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಮಣ್ಣು ಕೊಳೆತು, ಸಿಮೆಂಟ್ ಪದರು ಹಪ್ಪಳದಂತೆ ಏಳುತ್ತದೆ. ಅದಕ್ಕೆ ಮಣ್ಣು, ಸುಣ್ಣವೇ ಸರಿ.

ಕಾಗದ ಪತ್ರ

ಪತ್ರದಲ್ಲಿ 'ಉಮ್ಮಡಿ ಗೋಡ' ಎಂದು ತೆಲುಗಿನಲ್ಲಿ ಬರೆದಿದ್ದರೆ ಅದು ನಿಮ್ಮೊಬ್ಬರದಲ್ಲ, ಇಬ್ಬರಿಗೂ ಸೇರಿದ ಜಂಟಿ ಗೋಡೆ. ಪಕ್ಕದವರ ಒಪ್ಪಿಗೆ ಇಲ್ಲದೆ ಅದಕ್ಕೆ ಉಳಿ ಮುಟ್ಟಿಸಬೇಡಿ, ಅದರ ಮೇಲೆ ಭಾರವನ್ನೂ ಇಡಬೇಡಿ. ಅಳತೆ ಮಾಡುವಾಗ ಗೋಡೆಯನ್ನಷ್ಟೇ ಅಲ್ಲ, ಸೂರು, ಸಜ್ಜಾ, ಪಾಯದ ಅಗಲವನ್ನೂ ನಿಮ್ಮ ಗೆರೆಯೊಳಗೇ ಎಣಿಸಿ. ಕೋಣೆ ಸೇರಿಸಲು ಪಂಚಾಯತಿಯ ಅನುಮತಿ ಬೇಕು. 2019ರಲ್ಲಿ ಗ್ರಾಮ ಸಚಿವಾಲಯಗಳು ಬಂದಾಗ ಎಂಜಿನಿಯರಿಂಗ್ ಸಹಾಯಕರ ಹುದ್ದೆಯನ್ನೂ ಸೃಷ್ಟಿಸಲಾಯಿತು. ಪಾಯ ತೋಡುವ ಮೊದಲು ಇಂಥ ತಿಳಿದವರೊಬ್ಬರನ್ನು ಕರೆದು ಹಳೆಯ ಗೋಡೆ ತೋರಿಸಿದರೆ ನಷ್ಟವೇನಿಲ್ಲ.

ಒಟ್ಟಿನಲ್ಲಿ

ಒಂದೂವರೆ ಅಡಿಯಿಂದ ಒಂಬತ್ತು ಇಂಚಿಗೆ ಧೈರ್ಯವಾಗಿ ಬನ್ನಿ. ಸಿಮೆಂಟ್ ಗಾರೆ, ಒಳ್ಳೆಯ ಇಟ್ಟಿಗೆ ಇದ್ದರೆ ಆ ದಪ್ಪ ನಮಗೆ ಬೇಕಿಲ್ಲ. ಪಿಲ್ಲರ್ ಹಾಕುವ ಶಕ್ತಿ ಇದ್ದರೆ, ಬಿಸಿಲು ಕಡಿಮೆ ಬೀಳುವ ದಿಕ್ಕಿಗೆ ಆರು ಇಂಚು ಆಗಬಹುದು. ಪಡುವಣ, ತೆಂಕಣ ಗೋಡೆ ಒಂಬತ್ತೇ ಇರಲಿ, ಇಲ್ಲವೇ ಹಗುರ ಬ್ಲಾಕ್ ಬರಲಿ. ನಾಲ್ಕೂವರೆ ಇಂಚು ಮನೆಯ ಹೊರಗೆ ಬರುವುದು ಬೇಡ.

ಇನ್ನೂ ಜಾಗ ಬೇಕೆನಿಸಿದರೆ ಗೋಡೆ ಬಿಟ್ಟು ಬೇರೆ ಕಡೆ ನೋಡಿ. ಬಾಗಿಲು ಹೊರಕ್ಕೆ ತೆರೆಯುವಂತೆ ಇಟ್ಟರೆ ಒಳಗೆ ಆರೇಳು ಚದರ ಅಡಿ ಖಾಲಿಯಾಗಿ ಉಳಿಯುತ್ತದೆ. ಬಾಗಿಲಿನ ಎತ್ತರಕ್ಕೆ ಎರಡಡಿಯ ಅಟ್ಟ ಹಾಕಿದರೆ ಕಾಳಿನ ಮೂಟೆ, ಹಾಸಿಗೆ ಸುರುಳಿ ಎಲ್ಲ ಮೇಲೇರುತ್ತದೆ. ಹೊರಗೊಂದು ಜಗಲಿ ಕಟ್ಟಿದರೆ ಸಂಜೆ ಮನೆಮಂದಿಯೆಲ್ಲ ಅಲ್ಲೇ ಕೂರುತ್ತಾರೆ. ಇಷ್ಟು ಮಾಡಿದರೆ ತೆಳು ಗೋಡೆಯಿಂದ ಬರುತ್ತಿದ್ದ 14 ಚದರ ಅಡಿಗಿಂತ ಹೆಚ್ಚೇ ಸಿಗುತ್ತದೆ. ಮಳೆಗಾಲದ ರಾತ್ರಿ ಗೋಡೆಯ ಕಡೆ ನೋಡಿಕೊಂಡು ಎದ್ದು ಕೂರುವ ಪಾಡೂ ಇರುವುದಿಲ್ಲ.